ಒಳಗೆ ಬಿಟ್ಟ ಬಟ್ಟೆ

ನಮ್ಮ ಊರಿನ ಟೈಲರುಗಳು ಅಳತೆ ತೆಗೆದುಕೊಂಡಾಗ ಇಂಚನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೇರೆ ಊರುಗಳಲ್ಲಿ ‘ಭುಜ ಹದಿನಾಲ್ಕು, ತೋಳು ಎಂಟು’ ಎಂದು ಒಬ್ಬ ಕೂಗುತ್ತಾನಂತೆ, ಇನ್ನೊಬ್ಬ ಬರೆದುಕೊಳ್ಳುತ್ತಾನಂತೆ. ಇಲ್ಲಿ ಹಾಗೆ ಕೂಗಿದರೆ ಗಿರಾಕಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹೋದ ವರ್ಷಕ್ಕಿಂತ ಎಷ್ಟು ಕಮ್ಮಿಯಾಗಿದ್ದೇನೆ ಎಂಬುದನ್ನು ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳಲು ಯಾರಿಗೆ ಇಷ್ಟ? ನಮ್ಮ ಅಪ್ಪ ಟೇಪು ಹಿಡಿದು, ಉಗುರಿನಿಂದ ಗುರುತು ಒತ್ತಿ, ಗೋಡೆಯ ಕಡೆ ತಿರುಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಹೆಸರು ಜ್ಞಾನೋಬ, ಊರವರ ಬಾಯಲ್ಲಿ ಜ್ಞಾನೂ ಟೈಲರ್. ಹೆಂಗಸರ ರವಿಕೆ ಹೊಲಿಯುವುದರಲ್ಲಿ ನನ್ನ ಕೈ ಒಳ್ಳೆಯದು ಅಂತ ಹೇಳುತ್ತಾರೆ. ಹೇಳಲಿ.

ಅಡ್ಜಸ್ಟ್ ಮಾಡಿಕೊಂಡವರು ನಮ್ಮೂರಿನಲ್ಲಿ ಕಿರಿದಾಗುತ್ತಾರೆ. ಈ ಮಾತು ಊರಿಗೆ ಬಂದದ್ದು ಮೊದಲ ಬಸ್ಸಿನ ಜೊತೆಗಂತೆ. ಮೂವತ್ತೆರಡು ಸೀಟಿನ ಬಸ್ಸು, ಹತ್ತಲು ನಿಂತವರು ತೊಂಬತ್ತು ಜನ. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ನಿಂತು “ಎಲ್ರೂ ಸ್ವಲ್ಪ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸ್ವಾಮಿ” ಅಂದನಂತೆ. ತೊಂಬತ್ತು ಜನವೂ ಹಿಡಿಸಿದರು, ಒಬ್ಬ ಮುದುಕಿಯ ಕೋಳಿ ಬುಟ್ಟಿಯೂ ಹಿಡಿಸಿತು. ಇಳಿಯುವಾಗ ಎಲ್ಲರ ಚಪ್ಪಲಿಯೂ ಒಂದು ಅಕ್ಕಿಕಾಳಿನಷ್ಟು ಸಡಿಲವಾಗಿತ್ತು.

ಆಮೇಲೆ ಆ ಮಾತು ಬಸ್ಸಿನಿಂದ ಇಳಿದು ಮನೆಮನೆಗೆ ಹೋಯಿತು. ರೇಡಿಯೋ ಗೊರಗೊರ ಅಂದರೆ ಸ್ಟೇಷನ್ ಅಡ್ಜಸ್ಟ್ ಮಾಡು ಅಂದರು. ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು ಲೋಟ ನೀರು ಹಾಕಿ ಅಡ್ಜಸ್ಟ್ ಮಾಡು ಅಂದರು. ಸಕ್ಕರೆ ಬರದ ತಿಂಗಳು ರೇಷನ್ ಅಂಗಡಿಯವನು ಬೆಲ್ಲದಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ. ಗುಮಾಸ್ತ ಫೈಲಿನ ಕೆಳಗೆ ಅಂಗೈ ಬಿಚ್ಚಿ ‘ಏನಾದ್ರೂ ಅಡ್ಜಸ್ಟ್ ಮಾಡಿ’ ಅಂದ. ಚುನಾವಣೆಯಲ್ಲಿ ಎದುರುಬದುರು ನಿಂತವರಿಬ್ಬರು ಒಂದೇ ಜೀಪಿನಲ್ಲಿ ಹೋದದ್ದನ್ನು ಕಂಡವರು ‘ಅದೆಲ್ಲ ಅಡ್ಜಸ್ಟ್‌ಮೆಂಟು’ ಅಂದರು. ಕೆಲಸ ಕೇಳಿಕೊಂಡು ಹೋದ ಹೆಂಗಸಿಗೆ ಬಾಗಿಲು ಓರೆ ಮಾಡಿ ಹೇಳುವ ಅರ್ಥವೂ ಒಂದಿದೆ. ಅದನ್ನು ನಾನು ಬರೆಯುವುದಿಲ್ಲ. ಅದನ್ನು ಕೇಳಿಸಿಕೊಂಡು ಬಂದವರ ರವಿಕೆಗಳನ್ನು ನಾನು ಸಣ್ಣದು ಮಾಡಿಕೊಟ್ಟಿದ್ದೇನೆ.

ಒಂದು ವಿಷಯ ಮಾತ್ರ ಇಲ್ಲಿನ ಮಕ್ಕಳಿಗೂ ಗೊತ್ತು. ಅಡ್ಜಸ್ಟ್ ‘ಮಾಡು’ ಅಂದರೆ ಯಾರಿಗೂ ಏನೂ ಆಗುವುದಿಲ್ಲ. ರೇಡಿಯೋ, ಉಪ್ಪು, ಸೈಕಲ್ಲಿನ ಸೀಟು, ಯಾವುದನ್ನು ಬೇಕಾದರೂ ಮಾಡಿ. ಅಡ್ಜಸ್ಟ್ ‘ಮಾಡ್ಕೊ’ ಅಂದು, ಎದುರಿನವರು ಹೂಂ ಅಂದರೆ ಅವರು ಕಿರಿದಾಗುತ್ತಾರೆ. ಬಸ್ಸಿನ ಸೀಟಿಗಾದರೆ ಕೂದಲೆಳೆಯಷ್ಟು, ದೊಡ್ಡ ವಿಷಯಕ್ಕಾದರೆ ಬೆರಳಷ್ಟು. ಹಾಗೆ ಹೋದದ್ದು ಮತ್ತೆ ಬರುವುದಿಲ್ಲ. ಕೊನೆಯಲ್ಲಿ ಆ ‘ಕೊ’ ಒಂದಿದೆಯಲ್ಲ, ಎಲ್ಲ ಅದರದ್ದೇ ಕೆಲಸ. ಟೈಲರುಗಳಾದ ನಾವು ‘ಅಡ್ಜಸ್ಟ್ ಮಾಡ್ಕೊಡ್ತೀವಿ’ ಎನ್ನುತ್ತೇವೆ. ನನ್ನ ಅಂಗಡಿಯ ಬೋರ್ಡಿನಲ್ಲೂ ‘ಹಳೆಯ ಬಟ್ಟೆಗಳನ್ನು ಅಡ್ಜಸ್ಟ್ ಮಾಡಿಕೊಡಲಾಗುವುದು’ ಎಂದೇ ಇತ್ತು. ಮಾಡಿಕೊಡುವುದರಿಂದ ಯಾರಿಗೂ ಅಪಾಯವಿಲ್ಲ.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಹೊಸ ಮನೆ ಕಟ್ಟುವವರು ಬಾಗಿಲಿಗೆ ಎರಡು ಚಿಲಕ ಇಡಿಸುತ್ತಾರೆ, ಒಂದು ಮೇಲೆ, ಇನ್ನೊಂದು ಮೊಣಕಾಲಿನ ಎತ್ತರಕ್ಕೆ. ಪಾತ್ರೆ ಅಂಗಡಿಯಲ್ಲಿ ಗೇಣುದ್ದದ ಒನಕೆ ಸಿಗುತ್ತದೆ. ಮದುವೆಯ ಫೋಟೋವನ್ನು ಯಾರೂ ಬಹಳ ವರ್ಷ ಗೋಡೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಎತ್ತರದವರನ್ನು ಕಂಡರೆ ಎದ್ದು ನಿಲ್ಲುತ್ತಾರೆ, ಅವರು ಅತ್ತ ಹೋದ ಮೇಲೆ ‘ಜನ್ಮದಲ್ಲಿ ಯಾರಿಗೂ ಏನೂ ಬಿಟ್ಟುಕೊಟ್ಟವನಲ್ಲ’ ಅಂತ ಆಡಿಕೊಳ್ಳುತ್ತಾರೆ. ನಮ್ಮ ಮುನಿಸಿಪಾಲಿಟಿ ಅಧ್ಯಕ್ಷರು ಆರಡಿ ಎರಡಂಗುಲ. ಅವರ ಹೆಂಡತಿಯ ಅಳತೆ ನನ್ನ ಪುಸ್ತಕದಲ್ಲಿದೆ, ಹೇಳುವಂತಿಲ್ಲ.

ನನಗೆ ಒಬ್ಬಳು ಅಕ್ಕ ಇದ್ದಳು, ಸಕ್ಕೂಬಾಯಿ. ನನಗಿಂತ ಎರಡು ವರ್ಷ ದೊಡ್ಡವಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಐದಡಿ ಮೂರಂಗುಲ ಇದ್ದಳು. ನಮ್ಮ ಬೀದಿಯ ಹೆಂಗಸರಲ್ಲಿ ಅಷ್ಟು ಎತ್ತರ ಇನ್ಯಾರೂ ಇರಲಿಲ್ಲ. ಅಂಗಡಿಯಲ್ಲಿ ಮೇಲಿನ ಹಲಗೆಯ ಮೇಲಿದ್ದ ದಾರದ ಡಬ್ಬಿಯನ್ನು ಅಪ್ಪ ಸ್ಟೂಲು ಹತ್ತಿ ತೆಗೆಯುತ್ತಿದ್ದರು, ಅಕ್ಕ ನಿಂತಲ್ಲೇ ಕೈ ಚಾಚಿ ತೆಗೆಯುತ್ತಿದ್ದಳು. ನನಗೆ ಕಾಜಾ ಹೊಲಿಯುವುದನ್ನು ಕಲಿಸಿದವಳು ಅವಳೇ. ಸೂಜಿ ವಾರೆ ಹೋದರೆ ತಲೆಗೆ ಮೊಟಕಿ “ಗುಂಡಿ ಅದರೊಳಗೆ ಹೋಗ್ಬೇಕು ಕಣೋ, ಎಮ್ಮೆ ಅಲ್ಲ” ಅನ್ನುತ್ತಿದ್ದಳು. ಅವಳು ನಕ್ಕರೆ ಎದುರಿನ ಹೋಟೆಲಿನವರೆಗೆ ಕೇಳುತ್ತಿತ್ತು.

ಅವಳನ್ನು ನೋಡಲು ಊರಿನ ಇನ್ನೊಂದು ತುದಿಯ ಹಿಟ್ಟಿನ ಗಿರಣಿಯ ಏಕನಾಥನ ಮನೆಯವರು ಬಂದರು. ಎಲ್ಲ ಒಪ್ಪಿಗೆಯಾಯಿತು. ಎಲೆ ಅಡಿಕೆ ತಟ್ಟೆಯ ಮುಂದೆ ಕುಳಿತಾಗ ಹುಡುಗನ ತಾಯಿ ಯಮುನಾಬಾಯಿ ಇಬ್ಬರನ್ನೂ ಒಮ್ಮೆ ಅಕ್ಕಪಕ್ಕ ನಿಲ್ಲಿಸಿ ನೋಡಿದರು. “ಎಲ್ಲ ಚೆನ್ನಾಗೈತೆ. ಹುಡುಗಿ ಮಾತ್ರ ಹುಡುಗನಿಗಿಂತ ಎರಡು ಬೆರಳು ಜಾಸ್ತಿ ಆಯ್ತು” ಅಂದರು. ಅಪ್ಪ ಕೈ ಮುಗಿದುಕೊಂಡು ನಕ್ಕರು. “ಅದಕ್ಕೇನಮ್ಮ, ಅಡ್ಜಸ್ಟ್ ಮಾಡ್ಕೋತಾಳೆ. ಅಲ್ವೇನಮ್ಮ ಸಕ್ಕೂ, ಮಾಡ್ಕೋತೀಯ ತಾನೆ?” ಅಕ್ಕ ಅಪ್ಪನ ಮುಖ ನೋಡಿದಳು, ಹೂಂ ಅಂದಳು. ಅವಳ ಸೀರೆಯ ಅಂಚು ನೆಲಕ್ಕೆ ತಾಗಿದ್ದನ್ನು ಮೊದಲು ಕಂಡವನು ನಾನು.

ಮದುವೆಯ ರವಿಕೆ ನಾನೇ ಹೊಲಿಯುತ್ತೇನೆಂದು ಹಟ ಹಿಡಿದೆ. ಅದು ನನ್ನ ಕೈಯ ಮೊದಲ ರೇಷ್ಮೆ ರವಿಕೆ, ಗಿಳಿಹಸಿರು ಬಣ್ಣ, ತೋಳಿಗೆ ಸಣ್ಣ ಜರಿ. ನಿಶ್ಚಯದ ದಿನಕ್ಕೂ ಮೊದಲಿನ ಅಳತೆಗೇ ಕತ್ತರಿಸಿದೆ. ಅದರ ಮೇಲೆ ಒಳಗೆ ಎರಡು ಬೆರಳು ಬಟ್ಟೆಯನ್ನೂ ಬಿಟ್ಟೆ. ಅಪ್ಪ ಅದನ್ನು ತಿರುವಿ ನೋಡಿ “ಮದುವೆ ಆಗೋ ಹುಡುಗಿ ಇನ್ನೇನೋ ಬೆಳೀತಾಳೆ? ಸುಮ್ನೆ ಬಟ್ಟೆ ದಂಡ” ಅಂದರು. “ಇರ್ಲಿ ಬಿಡಿ” ಅಂದೆ. ಆಗಲೇ ಸಡಿಲವಾಗಿತ್ತು. ಭುಜದಲ್ಲಿ ಒಂದು ಹೊಲಿಗೆ ಹಿಡಿದು ಕೊಟ್ಟೆ. ಸಡಿಲವಾದದ್ದನ್ನು ಒಳಕ್ಕೆ ಮಡಿಸಿ ಹೊಲಿಯುವುದಕ್ಕೆ ನಾವು ಹಿಡಿಯುವುದು ಅನ್ನುತ್ತೇವೆ. ಆ ರವಿಕೆಗೆ ನಾನು ಹಿಡಿದ ಮೊದಲ ಹೊಲಿಗೆ ಅದು.

ಗಂಡನ ಮನೆಯಲ್ಲಿ ಆಗಲೇ ಒಬ್ಬ ಸಕ್ಕೂಬಾಯಿ ಇದ್ದಳು, ನಾದಿನಿ. ಒಂದೇ ಮನೆಯಲ್ಲಿ ಒಂದೇ ಹೆಸರು ಇಬ್ಬರಿಗೆ ಯಾಕೆ ಅಂತ ಅಕ್ಕನನ್ನು ಸಣ್ಣ ಸಕ್ಕು ಅಂತ ಕರೆದರು. ‘ಅಡ್ಜಸ್ಟ್ ಮಾಡ್ಕೊಮ್ಮ, ಹೆಸರಲ್ಲೇನಿದೆ’ ಅಂದರು. ಮೈದುನನಿಗೆ ಮದುವೆಯಾದಾಗ ಅಕ್ಕನ ಕೋಣೆಯನ್ನು ಕೇಳಿದರು. ಅಕ್ಕ ಅಡುಗೆಮನೆಗೆ ಹಾಸಿಗೆ ತಂದಳು. ಗಿರಣಿಯ ಕೆಲಸದವರ ಊಟವಾಗುವ ತನಕ ಕಾಯಬೇಕೆಂದರು, ಕಾದಳು. ಬಿಸಿ ಅನ್ನ ಮುಗಿದಿದ್ದರೆ ತಂಗಳಿನಲ್ಲೇ ಅಂದರು, ಅದಕ್ಕೂ ಹೂಂ ಅಂದಳು. ಇವೆಲ್ಲ ಜಗಳದ ಮಾತುಗಳಲ್ಲ. ಯಾರೂ ಅವಳ ಮೇಲೆ ಕೈ ಎತ್ತಲಿಲ್ಲ, ದನಿ ಕೂಡ ಎತ್ತಲಿಲ್ಲ. ನಗುನಗುತ್ತಲೇ ಕೇಳಿದರು, ಇವಳು ನಗುನಗುತ್ತಲೇ ಕೊಟ್ಟಳು.

ಏಕನಾಥ ಭಾವ ಕೆಟ್ಟವರಲ್ಲ. ಇದನ್ನು ನಾನು ಸಿಟ್ಟಿನಲ್ಲಿದ್ದಾಗಲೂ ಹೇಳುತ್ತೇನೆ. ಅಕ್ಕನಿಗೆ ಒಲೆ ಎಟುಕದೆ ಹೋದಾಗ ಬಡಗಿಯನ್ನು ಕರೆಸಿ ಮೆಟ್ಟಿಲಿರುವ ಮಣೆ ಮಾಡಿಸಿದರು. ಮರು ವರ್ಷ ಒಲೆಯನ್ನೇ ತಗ್ಗಿಸಿ ಕಟ್ಟಿಸಿದರು. ಸಣ್ಣ ಕೊಡ ತಂದರು, ಅದಕ್ಕಿಂತ ಸಣ್ಣ ತಂಬಿಗೆ ತಂದರು. ‘ಹೆಂಡ್ತಿನ ಎಷ್ಟು ಚೆನ್ನಾಗಿ ನೋಡ್ಕೋತಾನೆ ನೋಡಿ’ ಅಂತ ಊರೆಲ್ಲ ಹೊಗಳಿತು. ಕಡಿಮೆ ಕೇಳೋಣ ಅಂತ ಮಾತ್ರ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಪ್ರತಿ ಗೌರಿ ಹಬ್ಬಕ್ಕೆ ಅಕ್ಕ ಬಾಗಿನ ತೆಗೆದುಕೊಳ್ಳಲು ತವರಿಗೆ ಬರುತ್ತಿದ್ದಳು. ಅದೇ ಹಸಿರು ರವಿಕೆಯನ್ನು ನನ್ನ ಮೆಷಿನ್ನಿನ ಮೇಲೆ ಇಟ್ಟು “ಈ ಸಲ ಇನ್ನೊಂಚೂರು ಹಿಡಿದ್ಕೊಡೋ” ಅನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಬರೆದುಕೊಳ್ಳುತ್ತಿದ್ದೆ. ಭುಜ ಹದಿಮೂರು. ಹನ್ನೆರಡೂವರೆ. ಹನ್ನೊಂದು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ತೆಗೆ ಅಂತ ಅಪ್ಪ ಹೇಳಿದರು, ಅಕ್ಕನೂ ಹೇಳಿದಳು. ನಾನು ಒಂದು ಎಳೆಯನ್ನೂ ಕತ್ತರಿಸಲಿಲ್ಲ. ಎಲ್ಲವನ್ನೂ ಮಡಿಸಿ ಮಡಿಸಿ ಒಳಗೇ ಇಟ್ಟೆ. ವರ್ಷ ಕಳೆದಂತೆ ಹೊರಗಿನ ಬಟ್ಟೆಗಿಂತ ಒಳಗಿನದೇ ಹೆಚ್ಚಾಯಿತು. ಅದನ್ನು ಹಾಕಿಕೊಂಡರೆ ಅಕ್ಕ ಹತ್ತಿ ತುಂಬಿದ ಗೊಂಬೆಯ ಹಾಗೆ ಉಬ್ಬಿ ಕಾಣುತ್ತಿದ್ದಳು. ಅವಳೇ ಕನ್ನಡಿ ನೋಡಿ ನಗುತ್ತಿದ್ದಳು.

ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ಮದುವೆಯಾದ ನಾಲ್ಕನೆಯ ವರ್ಷ ಅಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಒಂದು ಮಧ್ಯಾಹ್ನ ಬಂದಳು. ಹಬ್ಬವಲ್ಲ, ಹರಿದಿನವಲ್ಲ. “ಅಮ್ಮ, ಒಂದು ವರ್ಷ ಇಲ್ಲೇ ಇದ್ಬಿಡ್ತೀನಿ. ಅಂಗಡೀಲಿ ಕಾಜಾ ಹೊಲೀತೀನಿ, ಯಾರಿಗೂ ಭಾರ ಆಗಲ್ಲ” ಅಂದಳು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನಿನ್ನ ತಮ್ಮನಿಗೆ ಹೆಣ್ಣು ನೋಡ್ತಿದೀವಲ್ಲೇ. ಮನೇಲಿ ಮಗಳು ಬಂದು ಕೂತ್ರೆ ಯಾರು ಹೆಣ್ಣು ಕೊಡ್ತಾರೆ? ಇನ್ನೊಂದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಮ್ಮ.” ಅಕ್ಕ ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಬಾಬಿನ್ನಿಗೆ ದಾರ ಸುತ್ತುತ್ತಿದ್ದೆ. ಇರ್ಲಿ ಬಿಡಮ್ಮ, ಅವಳು ಇಲ್ಲೇ ಇರಲಿ ಅಂತ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಬಿನ್ ತುಂಬಿದ ಮೇಲೂ ಸುತ್ತುತ್ತಲೇ ಇದ್ದೆ. ಅಕ್ಕ ಹೂಂ ಅಂದಳು, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಆ ವರ್ಷದ ಗೌರಿಗೆ ಭುಜ ಒಂಬತ್ತೂವರೆ ಬಂತು. ಈ ಬಾಯಿಂದ ಅವಳಿಗೆ ಆ ಮಾತನ್ನು ಯಾವತ್ತೂ ಹೇಳುವುದಿಲ್ಲ ಅಂತ ಅವತ್ತು ಕತ್ತರಿ ಮುಟ್ಟಿ ಆಣೆ ಮಾಡಿಕೊಂಡೆ.

ಆ ಕೂಸೇ ಕೌಸಲ್ಯೆ, ನಮ್ಮ ಕೌಸಿ. ಅಕ್ಕ ಅವಳಿಗೆ ಮಾತ್ರ ಒಂದು ದಿನವೂ ಆ ಮಾತು ಹೇಳಲಿಲ್ಲ. ಮನೆಯಲ್ಲಿ ಬೇರೆ ಯಾರಾದರೂ ಅವಳಿಗೆ ಹೇಳಲು ಬಾಯಿ ತೆಗೆದರೆ “ಅವಳಿಗ್ಯಾಕೆ, ನಾನು ಮಾಡ್ಕೋತೀನಿ” ಅಂತ ನಡುವೆ ಬರುತ್ತಿದ್ದಳು. ಹುಡುಗಿ ಬಳ್ಳಿಯ ಹಾಗೆ ಬೆಳೆದಳು. ಹತ್ತು ವರ್ಷಕ್ಕೆ ತಾಯಿಗಿಂತ ಎತ್ತರವಾದಳು, ಹದಿನಾಲ್ಕಕ್ಕೆ ತಾಯಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಸಂತೆಗೆ ಹೋಗುತ್ತಿದ್ದಳು. ಅಲ್ಲಿಂದಲೇ ಅಕ್ಕ ಬದನೆಕಾಯಿಯನ್ನು ಬೆರಳಿನಿಂದ ಒತ್ತಿ ನೋಡಿ “ಮುದಿ ಬದನೆ, ಬೇಡ ನಡಿ” ಅನ್ನುತ್ತಿದ್ದಳು. ಸಂತೆಯವರೆಲ್ಲ ನಗುತ್ತಿದ್ದರು.

ಇಲ್ಲ ಅನ್ನುವುದನ್ನು ಅಕ್ಕನಿಗೆ ಕಲಿಸಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂಗಡಿಯ ಮೇಜಿನ ಮೇಲೆ ಅವಳನ್ನು ಕೂರಿಸಿಕೊಂಡು “ಹೇಳಕ್ಕ, ಆಗಲ್ಲ” ಅನ್ನುತ್ತಿದ್ದೆ. “ಆಗಲ್ಲ” ಅಂತ ಚೆನ್ನಾಗಿಯೇ ಹೇಳುತ್ತಿದ್ದಳು, ಪಾಠ ಒಪ್ಪಿಸುವವರ ಹಾಗೆ. “ಈಗ ನಾನೇ ನಿಮ್ಮತ್ತೆ. ನಾಳೆ ಇಪ್ಪತ್ತು ಜನ ಬರ್ತಾರೆ, ಅಡುಗೆ ಒಬ್ಬಳೇ ಮಾಡು ಅಂತೀನಿ. ಏನು ಹೇಳ್ತೀಯ?” ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿ “ಇಪ್ಪತ್ತು ಜನ ಅಂದ್ರೆ ಬೇಳೆ ಒಂದೂವರೆ ಸೇರು ಬೇಕಾಗತ್ತೆ ಕಣೋ” ಅಂದಳು. ನನಗೆ ಅಳುವೂ ಬಂತು, ನಗುವೂ ಬಂತು.

ಅವಳು ‘ಆಗಲ್ಲ’ ಅಂದದ್ದು ಒಂದೇ ಸಲ. ಕೌಸಿಗೆ ಹದಿನಾರು. ಕಾಲೇಜಿಗೆ ಸೇರುವುದು ಬೇಡ, ಅಜ್ಜಿಗೆ ಕೈಲಾಗುತ್ತಿಲ್ಲ, ಮನೆಯಲ್ಲಿರಲಿ ಅಂತ ಮನೆಯವರು ತೀರ್ಮಾನ ಮಾಡಿದರು. ಯಮುನಾಬಾಯಿ ಕೌಸಿಯನ್ನು ಕರೆದು “ಅಡ್ಜಸ್ಟ್...” ಅನ್ನುವಷ್ಟರಲ್ಲಿ ಅಕ್ಕ ಮೆಟ್ಟಿಲ ಮಣೆಯ ತುದಿಗೆ ಹತ್ತಿ ನಿಂತು ‘ಆಗಲ್ಲ’ ಅಂದಳಂತೆ. “ಅವಳು ಓದ್ತಾಳೆ. ಅವಳು ಮಾಡ್ಬೇಕಾದ ಅಡ್ಜಸ್ಟು ಎಲ್ಲ ನಾನು ಮಾಡ್ಕೋತೀನಿ. ಇವತ್ತಿಂದು, ಮುಂದಿಂದು, ಎಲ್ಲ.” ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದಳಂತೆ. ಕೌಸಿ ಓಡಿ ಬಂದು ಹಿಡಿದುಕೊಳ್ಳದಿದ್ದರೆ ಮಣೆಯಿಂದ ಕೆಳಗೆ ಬೀಳುತ್ತಿದ್ದಳು. ಮಣೆ ಅವಳಿಗೆ ಅಷ್ಟು ದೊಡ್ಡದಾಗಿಬಿಟ್ಟಿತ್ತು.

ಮರುದಿನ ಕೌಸಿ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಅಂಗಡಿಗೆ ಬಂದಳು. ಅಕ್ಕ ನನ್ನ ಇಸ್ತ್ರಿ ಪೆಟ್ಟಿಗೆಗಿಂತ ಒಂದು ಚೂರು ಎತ್ತರವಿದ್ದಳು. ಟೇಪು ಹಿಡಿದೆ. ಭುಜ ಎರಡೂವರೆ. ಪುಸ್ತಕದಲ್ಲಿ ಹಿಂದಿನ ವರ್ಷಗಳನ್ನೆಲ್ಲ ತಿರುವಿ ನೋಡಿದೆ. ಸಣ್ಣ ಮಾತಿಗೆ ಎಷ್ಟು, ದೊಡ್ಡ ಮಾತಿಗೆ ಎಷ್ಟು ಅಂತ ನನಗೆ ಲೆಕ್ಕ ಗೊತ್ತಿತ್ತು. ಆದರೆ ಕಿರಿದಾಗುತ್ತಾ ಹೋದಷ್ಟೂ ಒಂದೊಂದು ಹೂಂಗೆ ಹೋಗುವುದು ಹೆಚ್ಚು. ಇನ್ನು ಒಂದೇ ಒಂದು ಸಲ, ಅದು ಬಸ್ಸಿನ ಸೀಟಿನದೇ ಆಗಲಿ, ಅಕ್ಕ ಹೂಂ ಅಂದರೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಮೊದಲ ಬಾರಿಗೆ ಅಳತೆಯನ್ನು ಗಟ್ಟಿಯಾಗಿ ಹೇಳಿದೆ. ಕೌಸಿ ಕೇಳಿಸಿಕೊಂಡಳು. ಅಕ್ಕ “ಹೋಗ್ಲಿ ಬಿಡು, ಬಟ್ಟೆ ಖರ್ಚು ಕಮ್ಮಿ” ಅಂದಳು.

ಅವತ್ತೇ ಆ ಮನೆಗೆ ಹೋದೆ. ಭಾವನ ಮುಂದೆ, ಯಮುನಾಬಾಯಿಯ ಮುಂದೆ ಟೇಪು ಹಿಡಿದು ತೋರಿಸಿದೆ. ಭಾವ ಜಗಲಿಯ ಮೇಲೆ ಕುಳಿತು ಮಗುವಿನ ಹಾಗೆ ಅತ್ತರು. ಯಮುನಾಬಾಯಿ ತಾವೇ ಸೀಮೆಸುಣ್ಣ ತಂದು ಅಡುಗೆಮನೆ ಬಾಗಿಲ ಮೇಲೆ ‘ಆ ಮಾತು ಆಡಬಾರದು’ ಅಂತ ಬರೆಸಿದರು. ನಿಜವಾಗಿ ಹೇಳುತ್ತೇನೆ, ಅವರು ನಡೆದುಕೊಂಡರು. ಮನೆಗೆ ಬಂದ ನೆಂಟರಿಗೂ ಮೊದಲು ಬಾಗಿಲು ತೋರಿಸಿಯೇ ನೀರು ಕೊಡುತ್ತಿದ್ದರು. ಕೌಸಿ ಬಸ್ಸಿನಲ್ಲಿ ತಾಯಿಯನ್ನು ಪುಸ್ತಕದ ಚೀಲದೊಳಗೆ ಕೂರಿಸಿ, ಎರಡು ಕಿವಿಗೂ ಹತ್ತಿ ಇಡುತ್ತಿದ್ದಳು. ಎರಡು ವರ್ಷ ಅಕ್ಕನ ಅಳತೆ ಒಂದು ನೂಲಿನಷ್ಟೂ ಬದಲಾಗಲಿಲ್ಲ. ಎರಡು ಗೌರಿ ಹಬ್ಬಕ್ಕೂ ನಾನು ಪುಸ್ತಕದಲ್ಲಿ ‘ಹಿಂದಿನಂತೆ’ ಎಂದು ಬರೆದೆ. ಅಷ್ಟು ಸಂತೋಷದಿಂದ ನಾನು ಇನ್ನೇನನ್ನೂ ಬರೆದಿಲ್ಲ.

ಮೂರನೆಯ ವರ್ಷ, ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಹನ್ನೊಂದು ಗಂಟೆ. ನಲವತ್ತು ರವಿಕೆ ಬಾಕಿ ಇತ್ತು, ಬಾಗಿಲಲ್ಲಿ ಹದಿನೈದು ಹೆಂಗಸರು ನಿಂತಿದ್ದರು. ಒಬ್ಬಾಕೆ ತೋಳು ಉದ್ದವಾಯಿತು ಅಂತ, ಇನ್ನೊಬ್ಬಾಕೆ ಹುಕ್ಕೇ ಹಾಕಿಲ್ಲ ಅಂತ ಕೂಗುತ್ತಿದ್ದರು. ಮೆಷಿನ್ನಿನ ಬೆಲ್ಟು ಎರಡು ಸಲ ಜಾರಿತ್ತು. ಕೌಸಿ ತಾಯಿಯನ್ನು ತಂದು ಮೆಷಿನ್ ಮೇಜಿನ ಮೇಲೆ ಬಣ್ಣದ ಸೀಮೆಸುಣ್ಣಗಳ ಪಕ್ಕ ಕೂರಿಸಿ, “ಮಾಮ, ಬಳೆ ತಗೊಂಡು ಬಂದ್ಬಿಡ್ತೀನಿ” ಅಂತ ಎದುರಂಗಡಿಗೆ ಹೋದಳು. ಅಕ್ಕ ಆ ಹಸಿರು ರವಿಕೆಯನ್ನು ಹಾಕಿಕೊಂಡೇ ಬಂದಿದ್ದಳು. ಎರಡು ವರ್ಷ ಒಗೆದದ್ದಕ್ಕೆ ರೇಷ್ಮೆ ಹಿಗ್ಗಿ ತೋಳು ಜೋಲುತ್ತಿತ್ತು. ನೆನಪಿಡಿ, ಹಿಗ್ಗಿದ್ದು ಬಟ್ಟೆ, ಕಿರಿದಾದದ್ದು ಅವಳಲ್ಲ. “ಜ್ಞಾನೂ, ತೋಳು ಜಾರ್ತಾ ಇದೆ ಕಣೋ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಡೋ” ಅಂದಳು.

ನನ್ನ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಇದ್ದವು. ಸೂಜಿಯ ಕೆಳಗೆ ಇನ್ಯಾರದೋ ಕುತ್ತಿಗೆಪಟ್ಟಿ ಇತ್ತು. ತಲೆ ಎತ್ತಲೂ ಇಲ್ಲ. “ನಾಳೆ ಹಬ್ಬ ಅಕ್ಕ, ಉಸಿರಾಡಕ್ಕೂ ಪುರುಸೊತ್ತಿಲ್ಲ. ಇದೊಂದು ಸಲ ಹಾಗೇ ಅಡ್ಜಸ್ಟ್ ಮಾಡ್ಕೊ” ಅಂದೆ.

ತೋಳಿನ ವಿಷಯಕ್ಕೆ ಅಂದದ್ದು. ದಿನಕ್ಕೆ ಹತ್ತು ಜನಕ್ಕೆ ಅನ್ನುವ ಹಾಗೆ, ಟೈಲರು ಗಿರಾಕಿಗೆ ಅನ್ನುವ ಹಾಗೆ ಅಂದದ್ದು. ಆ ಮಾತಿಗೆ ಹತ್ತು ಅರ್ಥ ಇರಬಹುದು, ಯಾವ ಅರ್ಥದಲ್ಲಿ ಹೇಳಿದಿರಿ ಅಂತ ಅದು ಕೇಳುವುದಿಲ್ಲ. ಅಕ್ಕನೂ ಕೇಳಲಿಲ್ಲ. “ಹೂಂ ಕಣೋ, ಅದಕ್ಕೇನಂತೆ. ನಿನಗೆ ಕೆಲಸ ಇದೆಯಲ್ಲ” ಅಂದಳು. ಇಪ್ಪತ್ತೊಂದು ವರ್ಷ ಎಲ್ಲರಿಗೂ ಹೇಳಿದ್ದನ್ನೇ ನನಗೂ ಹೇಳಿದಳು. ನಾನು ಸೂಜಿಗಳನ್ನು ಉಗಿದು ತಿರುಗುವಷ್ಟರಲ್ಲಿ ರವಿಕೆ ಮಾತ್ರ ಸೀಮೆಸುಣ್ಣಗಳ ಪಕ್ಕ ಕುಳಿತಿತ್ತು. ಹುಕ್ಕುಗಳೆಲ್ಲ ಹಾಕಿದ್ದವು. ಮುಟ್ಟಿದೆ, ಬೆಚ್ಚಗಿತ್ತು.

ಕೌಸಿ ಒಂದು ಉಂಗುರದಷ್ಟು ಸಣ್ಣ ಬಳೆಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದಳು. ಮೇಜು ನೋಡಿದಳು, ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತ ಹೆಂಗಸರನ್ನು ನೋಡಿದಳು. “ಯಾರು ಹೇಳಿದ್ದು?” ಅಂದಳು. “ನಾನು” ಅಂದೆ. ಅವಳು ರವಿಕೆಯನ್ನು ಎತ್ತಿಕೊಂಡು, ಮಗುವನ್ನು ಎತ್ತಿಕೊಳ್ಳುವ ಹಾಗೆ ಭುಜಕ್ಕೆ ಆನಿಸಿಕೊಂಡು ಹೋದಳು. ಒಂದೂವರೆ ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಕಡೆ ಬಂದು ನಿಲ್ಲುತ್ತಿದ್ದರು. “ನೀನು ಬೇಕಂತ ಹೇಳಿದ್ಯಾ? ಬಟ್ಟೆ ವಿಷಯಕ್ಕೆ ಹೇಳಿದ್ದು. ಹೋದವರು ಹೋದ್ರು, ಇದ್ದವರು ಹೇಗೋ ಒಂದು ಅಡ್...” ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಭಾವನಿಗೆ ಯಾರೋ ಅದನ್ನು ಪೂರ್ತಿ ಹೇಳಿರಬೇಕು, ಅವರು ಹೂಂ ಅಂದಿರಬೇಕು. ಹನ್ನೊಂದನೆಯ ದಿನ ಅವರ ಜುಬ್ಬದ ಕೈ ಬೆರಳು ಮುಚ್ಚುತ್ತಿತ್ತು. ನಾನು ಹೂಂ ಅನ್ನಲಿಲ್ಲ. ಅಕ್ಕ ಇಲ್ಲದ್ದಕ್ಕೆ ನಾನು ಇವತ್ತಿಗೂ ಹೂಂ ಅಂದಿಲ್ಲ. ಬೋರ್ಡಿನಿಂದ ಆ ಸಾಲನ್ನು ಅಳಿಸಿದೆ. ಬಸ್ಸಿನಲ್ಲಿ ಯಾರಾದರೂ ಸರಿಯಿರಿ ಅಂದರೆ ಎದ್ದು ಸೀಟನ್ನೇ ಕೊಟ್ಟುಬಿಡುತ್ತೇನೆ, ಸರಿದು ಜಾಗ ಮಾಡುವುದಿಲ್ಲ. ತಿಕ್ಕಲು ಅನ್ನುತ್ತಾರೆ. ಅನ್ನಲಿ.

ಮೊನ್ನೆ ವೈಶಾಖದಲ್ಲಿ ಕೌಸಿ ಅಂಗಡಿಗೆ ಬಂದಳು. ಬಾಗಿಲಿಗೆ ತಲೆ ತಾಗೀತೆಂದು ಕೊಂಚ ಬಾಗಿ ಒಳಗೆ ಬಂದಳು. ಕೈಯಲ್ಲಿ ಒಂದು ಖಾಕಿ ಕೋಟು, ಇನ್ನೊಂದು ಕೈಯಲ್ಲಿ ಹಿಡಿಯಷ್ಟು ಹಸಿರು ರೇಷ್ಮೆ. “ಬಸ್ಸಲ್ಲಿ ಕಂಡಕ್ಟರ್ ಕೆಲಸ ಸಿಕ್ತು ಮಾಮ” ಅಂದಳು. ಕಾಲೇಜು ಪಾಸಾಗಿರಬೇಕಂತೆ, ಆಮೇಲೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರಂತೆ. ಊರಿನಿಂದ ಹೋದ ಹುಡುಗಿಯರಲ್ಲಿ ಗೆರೆ ಮುಟ್ಟಿದವಳು ಇವಳೊಬ್ಬಳೇ. “ಜನ ಜಾಸ್ತಿ ಆದ್ರೆ ಏನಂತೀಯೇ?” ಅಂತ ಕೇಳಿದೆ. “ಸೀಟಿಲ್ಲ, ಮುಂದಿನ ಬಸ್ಸಿಗೆ ಬನ್ನಿ ಅಂತೀನಿ” ಅಂದಳು. ತಾಯಿಯ ಹಾಗೆಯೇ, ಎದುರಿನ ಹೋಟೆಲಿನವರೆಗೆ ಕೇಳುವ ದನಿ.

ಆಮೇಲೆ ಆ ರೇಷ್ಮೆಯನ್ನು ಮೆಷಿನ್ನಿನ ಮೇಲೆ ಇಟ್ಟಳು. “ಸೋಮವಾರ ಮೊದಲ ಡ್ಯೂಟಿ. ಕೋಟಿನ ಒಳಗೆ ಇದನ್ನ ಹಾಕ್ಕೋಬೇಕು. ಬಿಚ್ಚು ಮಾಮ.”

ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕುಳಿತೆವು. ನಾನು ಬ್ಲೇಡಿನಿಂದ ಹೊಲಿಗೆ ಕುಯ್ದೆ, ಅವಳು ದಾರ ಎಳೆದಳು. ಒಂದೊಂದು ಸಾಲು ಯಾವ ವರ್ಷದ್ದು ಅಂತ ನನಗೆ ಗೊತ್ತಿತ್ತು. ಇದು ಕಾಲೇಜಿನ ದಿನದ್ದು, ಇದು ಕೋಣೆ ಬಿಟ್ಟುಕೊಟ್ಟದ್ದು. ನಾನು ಬಾಬಿನ್ನಿಗೆ ದಾರ ಸುತ್ತುತ್ತಾ ಕುಳಿತ ವರ್ಷದ್ದು ಇದು ಅಂತ ಅವಳಿಗೆ ಹೇಳಿದೆ. ಯಾರಿಗೂ ಹೇಳಿರದಿದ್ದನ್ನು ಹೇಳಿದೆ. ಅವಳು ಆ ಎಳೆಯನ್ನು ಮಿಕ್ಕವುಗಳಿಗಿಂತ ನಿಧಾನವಾಗಿ ಎಳೆದು ತೆಗೆದಳು. ಕೊನೆಗೆ ಅಪ್ಪ ಹೂಂ ಅನ್ನಿಸಿದ ದಿನದ ಹೊಲಿಗೆಯೂ ಬಿಚ್ಚಿತು. ರವಿಕೆ ಪೂರ್ತಿ ತೆರೆದುಕೊಂಡಿತು. ಹೊರಗಿದ್ದ ಭಾಗ ಮಾಸಿ ಒಣಗಿದ ಎಲೆಯ ಬಣ್ಣಕ್ಕೆ ಬಂದಿತ್ತು. ಮಡಿಕೆಯ ಒಳಗಿದ್ದದ್ದೆಲ್ಲ ಅಂಗಡಿಯಿಂದ ಈಗ ತಂದ ಹಾಗೆ ಗಿಳಿಹಸಿರು ಇತ್ತು. ಅಕ್ಕನ ಭುಜ, ಹದಿನಾಲ್ಕು ಇಂಚು. ನನಗೆ ತಡೆಯಲಾಗಲಿಲ್ಲ, ಬೀದಿಯ ಜನ ನೋಡುತ್ತಿದ್ದರೂ ಅತ್ತುಬಿಟ್ಟೆ.

ಕೌಸಿ ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಗೆರೆಗೆರೆಯ ಆ ರವಿಕೆಯಲ್ಲಿ ಕನ್ನಡಿಯ ಮುಂದೆ ನಿಂತು ಎರಡು ಕೈಯನ್ನೂ ಮೇಲೆತ್ತಿದಳು, ಬಸ್ಸಿನ ಕಂಬಿ ಹಿಡಿಯುವವರ ಹಾಗೆ. ಮುಖ ಸಿಂಡರಿಸಿದಳು. “ಮಾಮ, ಕಂಕುಳ ಹತ್ರ ಬಿಗಿ ಆಗ್ತಿದೆ.”

ಮೂವತ್ತು ವರ್ಷದ ಅಭ್ಯಾಸ, ಬಾಯಿ ತನ್ನಷ್ಟಕ್ಕೆ ತೆರೆಯಿತು. ಮುಚ್ಚಿದೆ. ಬ್ಲೇಡು ತೆಗೆದುಕೊಂಡು “ಬಿಚ್ಚಿ ಕೊಡಮ್ಮ” ಅಂದೆ, “ಒಳಗೆ ಇನ್ನೂ ಎರಡು ಬೆರಳು ಬಟ್ಟೆ ಇದೆ.”